ಅಡೀಲ್ ಫೀಲ್ಡ್‌ಗೆ ಒಂದೇ ಸಾಲು ಸಾಲದು

ಮಾನ್ಯ ಸಂಪಾದಕರಿಗೆ,

ಭಾನುವಾರದ ಪುರವಣಿಯಲ್ಲಿ ಇರುವೆಗಳ ಬಗ್ಗೆ ಬಂದ ಲೇಖನ ಚೆನ್ನಾಗಿತ್ತು. ಚಿತ್ರಗಳಂತೂ ಕತ್ತರಿಸಿ ಇಟ್ಟುಕೊಳ್ಳುವ ಹಾಗಿದ್ದವು. ಆದರೆ ನಡುವೆ ಒಂದು ವಾಕ್ಯ ಬಂತು. ಚೀನಾದಲ್ಲಿ ಧರ್ಮಪ್ರಚಾರ ಮಾಡುತ್ತಿದ್ದ ಅಡೀಲ್ ಫೀಲ್ಡ್ ಎಂಬ ಅಮೆರಿಕದ ಹೆಂಗಸು ಕೂಡ ಹವ್ಯಾಸಕ್ಕೆ ಇರುವೆ ಸಾಕಿದ್ದಳು ಅಂತ. ಅಷ್ಟೇ. ಮುಂದಿನ ಸಾಲಿಗೆ ಲೇಖನ ಬೇರೆ ಕಡೆ ಹೊರಟುಹೋಯಿತು. ಮರುವಾರ ನಿಮ್ಮ ಇದೇ ಅಂಕಣದಲ್ಲಿ ಒಬ್ಬ ಓದುಗರು, ಮತಪ್ರಚಾರಕ್ಕೆ ಹೋದವಳನ್ನು ವಿಜ್ಞಾನಿಗಳ ಸಾಲಿನಲ್ಲಿ ಯಾಕೆ ಕೂರಿಸಿದಿರಿ ಎಂದು ಕೇಳಿದ್ದರು. ನಿಮ್ಮ ಲೇಖನ ಆಕೆಯನ್ನು ಕೂರಿಸಿಯೇ ಇರಲಿಲ್ಲ. ಬಾಗಿಲಲ್ಲೇ ಮಾತಾಡಿಸಿ ಕಳಿಸಿತ್ತು. ಆ ಓದುಗರಿಗೂ ನಿಮಗೂ ಸೇರಿಸಿ ಈ ಪತ್ರ ಬರೆಯುತ್ತಿದ್ದೇನೆ.

ನಾನು ಭಾಷೆ ಕಲಿಸಿ ಬದುಕಿದವಳು. ಬೇರೆ ರಾಜ್ಯಗಳಿಂದ ಬಂದ ದೊಡ್ಡವರಿಗೆ ಕನ್ನಡ ಹೇಳಿಕೊಡುವುದು ನನ್ನ ಕೆಲಸವಾಗಿತ್ತು. ವಿಜ್ಞಾನ ನನ್ನ ವಿಷಯವಲ್ಲ. ನನಗೆ ಫೀಲ್ಡ್ ಸಿಕ್ಕಿದ್ದು ಇರುವೆಗಳಿಂದಲ್ಲ, ಒಂದು ನಿಘಂಟಿನಿಂದ. ದೊಡ್ಡವರಿಗೆ ಹೊಸ ಭಾಷೆಯ ಉಚ್ಚಾರ ಕಲಿಸುವುದಕ್ಕೆ ಹಿಂದಿನವರು ಏನೇನು ಉಪಾಯ ಮಾಡಿದ್ದರು ಎಂದು ಹಳೆಯ ಪುಸ್ತಕಗಳನ್ನು ಹುಡುಕುತ್ತಿದ್ದೆ. ಆಗ 1883ರಲ್ಲಿ ಶಾಂಘೈನಲ್ಲಿ ಅಚ್ಚಾದ, ದಕ್ಷಿಣ ಚೀನಾದ ಸ್ವಾತೌ ಎಂಬ ಊರಿನ ಆಡುಮಾತಿನ ನಿಘಂಟು ಇಂಟರ್ನೆಟ್‌ನಲ್ಲಿ ಕಣ್ಣಿಗೆ ಬಿತ್ತು. ಬರೆದವರು ಎ. ಎಂ. ಫೀಲ್ಡ್. ಯಾರೋ ಗಂಡಸು ಅಂದುಕೊಂಡು ಪುಟ ತಿರುಗಿಸಿದೆ. ಅಡೀಲ್ ಮೇರಿಯನ್ ಫೀಲ್ಡ್ ಅಂತ ತಿಳಿದ ಮೇಲೆ ಆಕೆಯ ಬೆನ್ನು ಹತ್ತಿದೆ. ಇನ್ನೂ ಬಿಟ್ಟಿಲ್ಲ.

ಹುಟ್ಟಿದ್ದು 1839ರಲ್ಲಿ, ನ್ಯೂಯಾರ್ಕ್ ರಾಜ್ಯದ ಈಸ್ಟ್ ರಾಡ್‌ಮನ್ ಎಂಬ ಹಳ್ಳಿಯಲ್ಲಿ. ಆಲ್ಬನಿಯಲ್ಲಿ ಶಿಕ್ಷಕರ ತರಬೇತಿ ಮುಗಿಸಿ ಮೇಷ್ಟ್ರ ಕೆಲಸಕ್ಕೆ ಸೇರಿದಳು. ಮದುವೆ ನಿಶ್ಚಯವಾದ ಹುಡುಗ ಸೈರಸ್ ಚಿಲ್ಕಾಟ್, ಬ್ಯಾಪ್ಟಿಸ್ಟ್ ಪಂಗಡದ ಪಾದ್ರಿ. ಅವನು ಮೊದಲೇ ಸಯಾಮಿನ, ಅಂದರೆ ಈಗಿನ ಥಾಯ್ಲೆಂಡಿನ, ಬ್ಯಾಂಕಾಕಿಗೆ ಹೋಗಿದ್ದ. ಈಕೆ ಹಿಂದಿನಿಂದ ಹಡಗು ಹತ್ತಿದಳು. ತಿಂಗಳುಗಟ್ಟಲೆ ಸಮುದ್ರದ ಮೇಲಿದ್ದು 1865ರಲ್ಲಿ ಹಾಂಗ್‌ಕಾಂಗ್ ಮುಟ್ಟಿದಾಗ, ಚಿಲ್ಕಾಟ್ ಸತ್ತುಹೋಗಿ ಎಷ್ಟೋ ದಿನವಾಗಿದೆ ಎಂಬ ಸುದ್ದಿ ಕಾದಿತ್ತು. ಆ ಕಾಲದಲ್ಲಿ ಹಡಗಿಗಿಂತ ಬೇಗ ಕಾಗದ ಹೋಗುತ್ತಿರಲಿಲ್ಲ, ಕಾಗದ ಹೋಗುವುದೂ ಹಡಗಿನಲ್ಲೇ ತಾನೇ. ದಾರಿಯಲ್ಲಿ ತಿಳಿಸುವ ಉಪಾಯವೇ ಇರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಅದೇ ಹಡಗಿನಲ್ಲಿ ವಾಪಸು ಹೋಗುತ್ತಿದ್ದರು. ಈಕೆ ಬ್ಯಾಂಕಾಕಿಗೇ ಹೋದಳು. ಅಲ್ಲಿ ಸಯಾಮಿ ಭಾಷೆ ಕಲಿಯುವ ಬದಲು ತಿಯೋಚ್ಯೂ ಎಂಬ ಚೀನೀ ಮಾತು ಕಲಿತಳು. ಇದರಲ್ಲಿ ವಿಚಿತ್ರ ಏನೂ ಇಲ್ಲ. ಬ್ಯಾಂಕಾಕಿನ ಚೀನೀಯರಲ್ಲಿ ಹೆಚ್ಚಿನವರು ದಕ್ಷಿಣ ಚೀನಾದ ಸ್ವಾತೌ ಬಂದರಿನ ಸುತ್ತಲ ಊರುಗಳಿಂದ ಬಂದವರು. ಅವರ ಮನೆಮಾತು ಅದು. ಸ್ವಾತೌ ಆಡುಮಾತು ಅಂದರೂ ಇದೇ. ಆಕೆ ಸೇರಿದ್ದ ಮಿಷನ್ ಕೆಲಸ ಮಾಡುತ್ತಿದ್ದದ್ದೂ ಅವರ ನಡುವೆಯೇ.

ಆದರೆ ಮಿಷನ್ ಜೊತೆ ಆಕೆಗೆ ಹೊಂದಲಿಲ್ಲ. ಊರಿನ ವ್ಯಾಪಾರಿಗಳು, ರಾಯಭಾರ ಕಚೇರಿಯವರ ಮನೆಗಳಿಗೆ ಹೋಗಿಬರುತ್ತಿದ್ದಳು. ಇಸ್ಪೀಟು ಆಡಿದಳು, ಡ್ಯಾನ್ಸ್ ಮಾಡಿದಳು. ದೂರು ಅಮೆರಿಕಕ್ಕೆ ಹೋಯಿತು. ಮದುವೆಗೆ ಮೊದಲೇ ವಿಧವೆಯಂತಾದ ಇಪ್ಪತ್ತಾರು ವರ್ಷದ ಹುಡುಗಿ ಸಂಜೆ ಹೊತ್ತು ಎರಡು ಆಟ ಇಸ್ಪೀಟು ಆಡಿದರೆ ಅದು ದೊಡ್ಡ ಸುದ್ದಿ! 1870ರ ದಶಕದ ಆರಂಭದಲ್ಲಿ ಆಕೆಯನ್ನು ಅಲ್ಲಿಂದ ಕರೆಸಿಕೊಂಡರು. ಅಲ್ಲಿಗೇ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಯಾಕೆಂದರೆ ಆಕೆಗೆ ತಿಯೋಚ್ಯೂ ಚೆನ್ನಾಗಿ ಬರುತ್ತಿತ್ತು. ಆ ಮಾತು ಬರುವ ಹೆಂಗಸರು ಮಿಷನ್‌ಗೆ ಬೇಕಾಗಿದ್ದರು. ಈ ಸಲ ಕಳಿಸಿದ್ದು ಸ್ವಾತೌಗೇ. ಈಗ ಅದನ್ನು ಶಾಂಟೌ ಅನ್ನುತ್ತಾರೆ. 1860ರಲ್ಲಿ ವಿದೇಶಿ ವ್ಯಾಪಾರಕ್ಕೆ ತೆರೆದ ಬಂದರು ಅದು. ಬ್ಯಾಪ್ಟಿಸ್ಟರ ಬಿಡಾರ ಬಂದರಿನ ಆಚೆ ದಡದ ಗುಡ್ಡದ ಮೇಲಿತ್ತು. 1889ರವರೆಗೆ, ನಡುವೆ ಅಮೆರಿಕಕ್ಕೆ ಹೋಗಿದ್ದ ಕಾಲ ಬಿಟ್ಟರೆ, ಅದೇ ಆಕೆಯ ಮನೆ.

ಈಗ ನಿಘಂಟಿನ ವಿಷಯ. ತಿಯೋಚ್ಯೂನಲ್ಲಿ ಎಂಟು ಧಾಟಿಗಳಿವೆ. ಅಂದರೆ ಒಂದೇ ಉಚ್ಚಾರವನ್ನು ದನಿ ಏರಿಸಿ ಹೇಳಿದರೆ ಒಂದು ಅರ್ಥ, ಇಳಿಸಿ ಹೇಳಿದರೆ ಇನ್ನೊಂದು, ಸಮನಾಗಿ ಎಳೆದರೆ ಮತ್ತೊಂದು, ಕೊನೆಗೆ ತಟ್ಟನೆ ನಿಲ್ಲಿಸಿದರೆ ಮಗದೊಂದು. ಇಷ್ಟೇ ಆಗಿದ್ದರೆ ಹೇಗೋ ಬಾಯಿಪಾಠ ಮಾಡಬಹುದಿತ್ತು. ಎರಡು ಪದ ಒಟ್ಟಿಗೆ ಬಂದಾಗ ಮೊದಲನೆಯದರ ಧಾಟಿಯೇ ಬದಲಾಗಿಬಿಡುತ್ತದೆ. ಒಂಟಿಯಾಗಿ ಕಲಿತ ಪದ ವಾಕ್ಯದಲ್ಲಿ ಬಂದಾಗ ಗುರುತೇ ಸಿಗುವುದಿಲ್ಲ. ನನ್ನ ತರಗತಿಗೆ ಬರುತ್ತಿದ್ದವರಿಗೆ ಹಲ್ಲಿಗೂ ಹಳ್ಳಿಗೂ ವ್ಯತ್ಯಾಸ ಕೇಳಿಸುವುದಕ್ಕೇ ವಾರಗಳು ಬೇಕಾಗುತ್ತಿದ್ದವು. ಹೇಳುವುದು ಆಮೇಲಿನ ಮಾತು, ಮೊದಲು ಕಿವಿಗೆ ಬೀಳಬೇಕು. ಎಂಟು ಧಾಟಿ, ಅದರ ಮೇಲೆ ಈ ಬದಲಾವಣೆ. ಆ ಕಷ್ಟವನ್ನು ನೆನೆದರೇ ನನಗೆ ಸುಸ್ತಾಗುತ್ತದೆ.

ಈ ಮಾತಿಗೆ ಪದಕೋಶ ಬರೆದವರಲ್ಲಿ ಆಕೆ ಮೊದಲಿಗಳಲ್ಲ. ಜೊಸೈಯಾ ಗಾಡರ್ಡ್ ಎಂಬ ಮಿಷನರಿ 1847ರಲ್ಲೇ ಬ್ಯಾಂಕಾಕಿನಲ್ಲಿ ಒಂದನ್ನು ಅಚ್ಚು ಹಾಕಿಸಿದ್ದ. ಫೀಲ್ಡ್ ಮೊದಲು 1878ರಲ್ಲಿ ಕಲಿಯುವವರಿಗೆ ಒಂದು ಪಾಠಪುಸ್ತಕ ತಂದಳು. ಐದು ವರ್ಷದ ನಂತರ ಈ ದೊಡ್ಡ ನಿಘಂಟು. ಪದಗಳನ್ನು ಚೀನೀ ಅಕ್ಷರದ ಕ್ರಮದಲ್ಲಿ ಜೋಡಿಸಿಲ್ಲ. ಉಚ್ಚಾರದ ಕ್ರಮ, ಅದರೊಳಗೆ ಧಾಟಿಯ ಕ್ರಮ. ನೀವು ಬೀದಿಯಲ್ಲಿ ಒಂದು ಮಾತು ಕೇಳಿದಿರಿ, ಅಕ್ಷರ ಗೊತ್ತಿಲ್ಲ. ಕಿವಿಗೆ ಬಿದ್ದದ್ದನ್ನೇ ಹಿಡಿದುಕೊಂಡು ಪುಟ ಹುಡುಕಬಹುದು. ಪುಸ್ತಕ ಕಪಾಟಿನಲ್ಲಿಡುವವರಿಗೆ ಈ ಜೋಡಣೆ ಏನೂ ಅಲ್ಲ. ಪಾಠ ಹೇಳಿದವರಿಗೆ ಅದರ ಬೆಲೆ ಗೊತ್ತು. ಇದನ್ನು ಮಾಡಿದವಳು ಓದುಬಲ್ಲ ಪಂಡಿತರಿಗಿಂತ ಜಾಸ್ತಿ, ಓದು ಬಾರದ ಹೆಂಗಸರ ಜೊತೆ ಕೂತು ಭಾಷೆ ಕಲಿತವಳು ಅಂತ ಆ ಜೋಡಣೆಯೇ ಹೇಳುತ್ತದೆ.

ಆ ಹೆಂಗಸರ ಬಗ್ಗೆ ಸ್ವಲ್ಪ ಹೇಳಲೇಬೇಕು. ನಿಮ್ಮ ಲೇಖನದಲ್ಲಿ ಅವರು ಇಲ್ಲವೇ ಇಲ್ಲ. ಫೀಲ್ಡ್ ಸ್ವಾತೌನಲ್ಲಿ ಮಾಡಿದ ಮುಖ್ಯ ಕೆಲಸ ಸ್ಥಳೀಯ ಹೆಂಗಸರಿಗೆ ಓದು ಕಲಿಸಿ, ಬೈಬಲ್ ಕಥೆಗಳನ್ನು ಅವರದೇ ಆಡುಮಾತಿನಲ್ಲಿ ಪಾಠ ಮಾಡಿ, ಇಬ್ಬಿಬ್ಬರನ್ನು ಜೊತೆ ಮಾಡಿ ಹಳ್ಳಿಗಳಿಗೆ ಕಳಿಸುವುದು. ಬಂದವರಲ್ಲಿ ವಯಸ್ಸಾದವರು, ಗಂಡನನ್ನು ಕಳೆದುಕೊಂಡವರು ಬಹಳ. ಒಂದಿಷ್ಟು ದಿನ ಆಕೆಯ ಹತ್ತಿರವೇ ಇದ್ದು ಕಲಿಯುತ್ತಿದ್ದರು. ಆಮೇಲೆ ಹಳ್ಳಿಗೆ. ಮತ್ತೆ ಬಂದು ಮುಂದಿನ ಪಾಠ. ಆಕೆಯ ಕಾಲದಲ್ಲಿ ಹೀಗೆ ಕಲಿತವರು ಸುಮಾರು 500 ಮಂದಿ ಎಂಬ ಲೆಕ್ಕವಿದೆ. ಆವರೆಗೆ ಪುಸ್ತಕ ಮುಟ್ಟದ ಹಳ್ಳಿಯ ಹೆಂಗಸರು ನಾಲ್ವರ ಮುಂದೆ ನಿಂತು ಓದಿ ಹೇಳುವ ಹಾಗಾದರು. ಹೇಳಿದ್ದು ಏನು ಎಂಬ ಬಗ್ಗೆ ನನಗೆ ತಕರಾರಿರಬಹುದು. ಓದಿದ್ದರ ಬಗ್ಗೆ ಇಲ್ಲ.

ಕಲಿಸಿದ್ದು ಒಂದೇ ಕಡೆಯಿಂದ ಅಲ್ಲ. ಆ ಎಂಟು ಧಾಟಿಗಳನ್ನು ಫೀಲ್ಡ್ ಬಾಯಲ್ಲಿ ತಿದ್ದಿದವರು ಯಾರು? ನಿಘಂಟಿನ ಮುಖಪುಟದಲ್ಲಿ ಒಂದೇ ಹೆಸರಿದೆ. ದೊಡ್ಡವರಿಗೆ ಭಾಷೆ ಕಲಿಸುವವರ ಪಾಡು ಎಲ್ಲ ಕಡೆ ಇದೇ ಬಿಡಿ. ಒಂದು ಮಾತು ಮಾತ್ರ ಆಕೆಯ ಪರ ಹೇಳಬೇಕು. ತನ್ನ ಹತ್ತಿರ ಕಲಿತ ಹೆಂಗಸರಲ್ಲಿ ಕೆಲವರ ಬದುಕಿನ ಕಥೆಗಳನ್ನು ಅವರ ಬಾಯಿಂದ ಕೇಳಿ, ಅವರೇ ಹೇಳುವ ಧಾಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದು 1884ರಲ್ಲಿ ಪ್ರಕಟಿಸಿದಳು. ನಡುವೆ ತಾನು ಬಾಯಿ ಹಾಕದೆ ಅವರನ್ನೇ ಮಾತಾಡಲು ಬಿಟ್ಟಳು. ಆ ಕಾಲದ ಎಷ್ಟು ಮಂದಿ ಬಿಳಿಯರು ಹಾಗೆ ಮಾಡಿದ್ದರು ಹೇಳಿ?

ಅದೇ ಪುಸ್ತಕದಲ್ಲಿ ಒಂದು ಲೆಕ್ಕವಿದೆ. ನಿಮ್ಮ ಲೇಖಕರು ಇದನ್ನು ನೋಡಿದ್ದರೆ ಆಕೆಯನ್ನು ಇರುವೆ ಸಾಕಿದವಳು ಎಂದು ಬಿಟ್ಟುಬಿಡುತ್ತಿರಲಿಲ್ಲ. ಐವತ್ತು ದಾಟಿದ 160 ಹೆಂಗಸರನ್ನು ಫೀಲ್ಡ್ ಕೂರಿಸಿಕೊಂಡು ಕೇಳಿದ್ದಾಳೆ. ಎಷ್ಟು ಹೆತ್ತಿರಿ? ಎಷ್ಟು ಉಳಿದವು? ಅವರು ಹೆತ್ತದ್ದು 631 ಗಂಡು, 538 ಹೆಣ್ಣು. ಹತ್ತು ವರ್ಷ ದಾಟಿ ಬದುಕಿದ ಗಂಡುಮಕ್ಕಳು 366. ಹೆಣ್ಣುಮಕ್ಕಳು 205. ಗಂಡಿನಲ್ಲಿ ನೂರಕ್ಕೆ 58 ಉಳಿದವು, ಹೆಣ್ಣಿನಲ್ಲಿ 38. ಮಿಕ್ಕ ಮಕ್ಕಳೆಲ್ಲ ಕಾಯಿಲೆಯಿಂದ ಹೋದವರಲ್ಲ. ಹುಟ್ಟಿದ ಹೆಣ್ಣುಕೂಸನ್ನು ತಾವೇ ಇಲ್ಲವಾಗಿಸಿದ್ದನ್ನೂ ಆ ಹೆಂಗಸರು ಬಾಯಿಬಿಟ್ಟು ಹೇಳಿದರು. 158 ಹೆಣ್ಣುಕೂಸುಗಳು. ಗಂಡು ಒಂದೂ ಇಲ್ಲ.

ಈ ಸಂಖ್ಯೆಗಳನ್ನು ಹಿಡಿದು ಚೀನಾವನ್ನು ಬಯ್ಯುವುದು ಸುಲಭ. ಆಗ ಅಮೆರಿಕದಲ್ಲಿ ದೇಣಿಗೆ ಎತ್ತುವವರ ಕೈಗೆ ಇಂಥದ್ದು ಸಿಕ್ಕಿದರೆ ಏನು ಮಾಡಿರಬಹುದು ಎಂದು ಊಹಿಸುವುದೂ ಕಷ್ಟವಲ್ಲ. 160 ಮಂದಿ ಅಂದರೆ ಇಡೀ ದೇಶವೂ ಅಲ್ಲ, ಒಂದು ಮೂಲೆ. ಆದರೆ ಒಂದು ನಿಮಿಷ ಆ ಕೇಳಿದವಳ ಜಾಗದಲ್ಲಿ ಕೂತು ನೋಡಿ. ನಿನ್ನ ಎಷ್ಟು ಮಕ್ಕಳನ್ನು ನೀನೇ ಕೊಂದೆ ಅಂತ ಯಾವ ಭಾಷೆಯಲ್ಲಿ ಕೇಳುತ್ತೀರಿ? ಯಾವ ಧಾಟಿಯಲ್ಲಿ? ದುಭಾಷಿಯನ್ನು ಪಕ್ಕಕ್ಕಿಟ್ಟುಕೊಂಡು ಕೇಳುವ ಪ್ರಶ್ನೆ ಇದಲ್ಲ. ಆ ಉತ್ತರ ಬರಬೇಕಾದರೆ ಕೇಳುವವಳು ಎಷ್ಟೋ ವರ್ಷ ಅದೇ ಮಾತಿನಲ್ಲಿ ಅವರ ಅತ್ತೆಯ ಕಥೆ, ಸಾಲದ ಕಥೆ, ಗಂಡ ಕುಡಿದು ಬಂದ ಕಥೆ ಕೇಳಿರಬೇಕು. ಉತ್ತರ ಬಂದ ಮೇಲೆ ಅಯ್ಯೋ ಪಾಪ ಅಂತ ಕಣ್ಣೊರೆಸಿ ಮುಗಿಸದೆ, ಗಂಡು ಇಷ್ಟು, ಹೆಣ್ಣು ಇಷ್ಟು, ಹತ್ತು ವರ್ಷ ದಾಟಿದ್ದು ಇಷ್ಟು ಎಂದು ಬರೆದಿಟ್ಟಿರಬೇಕು. ಮುಂದೆ ಇರುವೆಗಳ ಹತ್ತಿರ ಕೂತಾಗ ಆಕೆ ಮಾಡಿದ್ದು ಇದನ್ನೇ. ಕಾಯುವುದು, ಬೇರೆ ಬೇರೆ ಮಾಡಿ ನೋಡುವುದು, ಎಣಿಸುವುದು. ನನ್ನ ತಕರಾರು ಇಷ್ಟೇ: ನೀವು ಭಾಷಾ ಶಿಕ್ಷಕಿಯನ್ನೂ ಇರುವೆ ಅಧ್ಯಯನ ಮಾಡಿದವಳನ್ನೂ ಎರಡು ಹೋಳು ಮಾಡಿ, ಒಂದು ಹೋಳನ್ನು ಧರ್ಮಪ್ರಚಾರ ಅಂತ ಆಚೆ ಎಸೆದಿದ್ದೀರಿ. ಎರಡನೆಯದು ಬಂದದ್ದೇ ಮೊದಲನೆಯದರಿಂದ.

ಮತಪ್ರಚಾರದ ಬಗ್ಗೆ ಕೇಳಿದ ಓದುಗರಿಗೆ ಉತ್ತರ ಹೇಳಿಬಿಡುತ್ತೇನೆ. ಹೌದು, ಆಕೆ ಮತ ಹರಡಲಿಕ್ಕೇ ಹೋದವಳು. ಬಂದರು ತೆರೆದದ್ದು ಯುದ್ಧದ ಬಲದಿಂದ, ಅದರ ಹಿಂದೆಯೇ ಮಿಷನ್‌ಗಳು ನುಗ್ಗಿದವು. ಅದನ್ನು ಮುಚ್ಚಿಡಬೇಕು ಅಂತ ನಾನು ಹೇಳುತ್ತಿಲ್ಲ. ಬರೆಯಿರಿ, ಖಾರವಾಗಿಯೇ ಬರೆಯಿರಿ. ಆದರೆ ಆ ಕಾರಣಕ್ಕೆ ನಿಘಂಟು ಇರಲಿಲ್ಲ, ಲೆಕ್ಕ ಇರಲಿಲ್ಲ, ಇರುವೆ ಇರಲಿಲ್ಲ ಎಂದಾಗುವುದಿಲ್ಲ. ಅಲ್ವಾ? ಇನ್ನೊಂದು ವಿಷಯ. 1889ರಲ್ಲಿ ಆಕೆ ಮಿಷನ್ ಕೆಲಸ ಬಿಟ್ಟಳು. ಮತ್ತೆ ಅದಕ್ಕೆ ಮರಳಲಿಲ್ಲ. ಇರುವೆಗಳ ಮೇಲಿನ ಬರಹಗಳೆಲ್ಲ ಅದಾದ ಮೇಲಿನವು.

ಹುಳುಹುಪ್ಪಟೆಯ ಹುಚ್ಚು ಮಾತ್ರ ಅದಕ್ಕೂ ಹಿಂದಿನದು. ನಿಘಂಟು ಮುಗಿಸಿ ಅಮೆರಿಕಕ್ಕೆ ಹೋದಾಗ 1883ರಿಂದ 1885ರವರೆಗೆ ಫಿಲಡೆಲ್ಫಿಯಾದ ನೈಸರ್ಗಿಕ ವಿಜ್ಞಾನ ಅಕಾಡೆಮಿಯಲ್ಲಿ ಜೀವಶಾಸ್ತ್ರ ಕಲಿತಳು. ಆಗ ವಯಸ್ಸು ನಲವತ್ತೈದರ ಆಸುಪಾಸು. ಎರೆಹುಳುವನ್ನು ತುಂಡು ಮಾಡಿದರೆ ಯಾವ ಭಾಗ ಮತ್ತೆ ಬೆಳೆಯುತ್ತದೆ, ಯಾವುದು ಬೆಳೆಯುವುದಿಲ್ಲ ಎಂದು ನೋಡಿ ಬರೆದದ್ದು ಅಕಾಡೆಮಿಯ ಪತ್ರಿಕೆಯಲ್ಲಿ ಬಂತು. ಸ್ವಾತೌಗೆ ವಾಪಸಾದ ಮೇಲೂ ನೀರಿನಲ್ಲಿ ಬೆಳೆಯುವ ಕೀಟದ ಮರಿಯ ಬಗ್ಗೆ ಟಿಪ್ಪಣಿ ಬರೆದಳು. ಬೆಳಿಗ್ಗೆ ಹೆಂಗಸರಿಗೆ ಪಾಠ, ಬಿಡುವಾದಾಗ ಕೆರೆ ದಂಡೆ. ನನಗೆ ಇಷ್ಟವಾಗುವ ಚಿತ್ರ ಇದು.

ಇನ್ನು ಇರುವೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ವುಡ್ಸ್ ಹೋಲ್ ಎಂಬ ಊರಿದೆ. ಅಲ್ಲಿ 1888ರಲ್ಲಿ ಶುರುವಾದ ಕಡಲ ಜೀವಶಾಸ್ತ್ರ ಪ್ರಯೋಗಾಲಯ ಇಂದಿಗೂ ಹೆಸರಾಗಿದೆ. ಬೇಸಿಗೆಯಲ್ಲಿ ಪ್ರೊಫೆಸರುಗಳೆಲ್ಲ ಅಲ್ಲಿ ಸೇರುತ್ತಿದ್ದರು. ಫೀಲ್ಡ್ ಕೂಡ ಹೋಗುತ್ತಿದ್ದಳು. ಯಾವ ಕಾಲೇಜಿನ ಕುರ್ಚಿಯೂ ಇಲ್ಲದೆ. ಚಳಿಗಾಲದಲ್ಲಿ ನ್ಯೂಯಾರ್ಕಿನಲ್ಲಿ ಭಾಷಣ, ತರಗತಿ. ಬೇಸಿಗೆಯಲ್ಲಿ ಇರುವೆ. 1901ರ ಹೊತ್ತಿಗೆ ಇರುವೆಗಳ ಬಗ್ಗೆ ಒಂದರ ಹಿಂದೆ ಒಂದು ಪ್ರಬಂಧ ಬರತೊಡಗಿತು. ಆಗ ಅರವತ್ತು ದಾಟಿತ್ತು.

ಆಕೆಯ ಗಾಜಿನ ಗೂಡನ್ನು ಇರುವೆ ತಜ್ಞರು ಇಂದಿಗೂ ಫೀಲ್ಡ್ ಗೂಡು ಅನ್ನುತ್ತಾರೆ. ಇಂಗ್ಲೆಂಡಿನ ಜಾನ್ ಲಬ್ಬಕ್ ಅದಕ್ಕೂ ಮೊದಲೇ ಗಾಜಿನಲ್ಲಿ ಇರುವೆ ಸಾಕಿದ್ದ. ಈಕೆ ಅದನ್ನು ಕೈಯಲ್ಲಿ ಎತ್ತಿಕೊಂಡು ಹೋಗುವ ಹಾಗೆ ಮಾಡಿದಳು. ಕೆಳಗೊಂದು ಗಾಜಿನ ಹಲಗೆ. ಗೋಡೆಗೆ ಗಾಜಿನ ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸುವುದು. ಗೋಡೆಯ ತಲೆಯ ಮೇಲೆ ಟವೆಲ್ ಬಟ್ಟೆಯ ಸಣ್ಣ ಪಟ್ಟಿ. ಅದರ ಮೇಲೆ ಗಾಜಿನ ಮುಚ್ಚಳ ಕೂರಿಸಿದರೆ ಗಾಳಿ ಆಡುತ್ತದೆ, ಇರುವೆ ಹೊರಗೆ ಬರುವುದಿಲ್ಲ. ಒಳಗೆ ಎರಡು ಕೋಣೆ. ಒಂದಕ್ಕೆ ಕತ್ತಲೆ ಮಾಡಿ ಒದ್ದೆ ಸ್ಪಂಜಿನ ಚೂರು ಇಡುವುದು. ಅಲ್ಲಿ ರಾಣಿ, ಮರಿಗಳು. ಇನ್ನೊಂದು ಬೆಳಕಿನ ಕೋಣೆ, ಊಟಕ್ಕೆ. ಜೇನು ಸವರಿದ ಕೇಕಿನ ಚೂರು, ಬಾಳೆಹಣ್ಣು, ಜಜ್ಜಿದ ವಾಲ್‌ನಟ್. ಮುಚ್ಚಳ ತೆಗೆದು ಕೊಳಕು ಒರೆಸಬಹುದು. ಒಂದು ಕೋಣೆಗೆ ಇರುವೆಗಳೆಲ್ಲ ಹೋದಾಗ ಇನ್ನೊಂದನ್ನು ತೊಳೆದಿಡಬಹುದು. ಸುಮ್ನೆ ನೋಡಿದರೆ ಮಕ್ಕಳ ಆಟಿಕೆಯಂತಿದೆ. ಆದರೆ ಇದರಿಂದ ಆದದ್ದು ಏನೆಂದರೆ, ಒಂದೇ ಇರುವೆಗಳ ಗುಂಪನ್ನು ವರ್ಷಗಟ್ಟಲೆ ಬಿಡದೆ ನೋಡಬಹುದಾಯಿತು. 1910ರಲ್ಲಿ ಇರುವೆಗಳ ಮೇಲೆ ಬೃಹತ್ ಗ್ರಂಥ ಬರೆದ ವಿಲಿಯಂ ಮಾರ್ಟನ್ ವ್ಹೀಲರ್ ಕೂಡ ಈ ಗೂಡನ್ನು ವಿವರವಾಗಿ ಹೇಳಿದ್ದಾನೆ.

ಗೂಡಿನೊಳಗೆ ಆಕೆ ಕೇಳಿದ ದೊಡ್ಡ ಪ್ರಶ್ನೆ: ಇರುವೆಗೆ ತನ್ನವರು ಯಾರು, ಹೊರಗಿನವರು ಯಾರು ಅಂತ ಹೇಗೆ ಗೊತ್ತಾಗುತ್ತದೆ? ವಾಸನೆಯಿಂದ ಎಂಬುದು ಆಗಲೇ ಗೊತ್ತಿದ್ದ ಮಾತು. ಆ ವಾಸನೆಯಲ್ಲಿ ಹುಟ್ಟಿನಿಂದ ಬಂದದ್ದೆಷ್ಟು, ಕಲಿತದ್ದೆಷ್ಟು? ಇದಕ್ಕೆ ಆಕೆ ಮಾಡಿದ ಪ್ರಯೋಗ ಸರಳ. ಬೇರೆ ಬೇರೆ ಜಾತಿಯ ಇರುವೆಗಳನ್ನು, ಹೊರಗೆ ಎದುರಾದರೆ ಒಂದನ್ನೊಂದು ಕೊಲ್ಲುವಂಥವನ್ನು, ಕೋಶದಿಂದ ಹೊರಬಂದ 12 ಗಂಟೆಯೊಳಗೆ ತಂದು ಒಟ್ಟಿಗೆ ಬಿಟ್ಟಳು. ಮುಂದಿನ ಮೂರು ದಿನ ಪ್ರತಿಯೊಂದೂ ಮಿಕ್ಕ ಎಲ್ಲವನ್ನೂ ಮೀಸೆಯಿಂದ ಮುಟ್ಟಿ ನೋಡಬೇಕು. ಅಷ್ಟಾದರೆ ಅವು ಮುಂದೆಯೂ ಜಗಳವಿಲ್ಲದೆ ಒಂದೇ ಮನೆಯಲ್ಲಿ ಇರುತ್ತವೆ. ಆ ಮೊದಲ ದಿನಗಳು ಕಳೆದರೆ ಹಾಗೆ ಬೆರೆಯುವುದಿಲ್ಲ. ಯಾರು ನಮ್ಮವರು ಎಂಬುದನ್ನು ಇರುವೆ ಎಳೆತನದಲ್ಲಿ ಕಲಿಯುತ್ತದೆ. ಮೈಮೇಲಿನ ಮೇಣದಂಥ ರಾಸಾಯನಿಕಗಳ ವಾಸನೆ ಹಿಡಿದು ಗೂಡಿನವರನ್ನು ಗುರುತಿಸುತ್ತವೆ, ಆ ಗುರುತನ್ನು ಚಿಕ್ಕಂದಿನಲ್ಲೇ ಕಲಿಯುತ್ತವೆ ಎಂದು ಈಗಿನ ವಿಜ್ಞಾನ ಹೇಳುತ್ತದೆ. ಆ ರಾಸಾಯನಿಕಗಳನ್ನು ಬಿಡಿಸಿ ನೋಡುವ ಯಂತ್ರಗಳು ಬರುವುದಕ್ಕೆ ಎಷ್ಟೋ ಮೊದಲಿನ ಪ್ರಯೋಗ ಇದು.

ಎಲ್ಲವೂ ಸರಿಯಾಗಲಿಲ್ಲ. ಇರುವೆಯ ಮೀಸೆಯಲ್ಲಿ ಸಣ್ಣ ಸಣ್ಣ ಗಂಟುಗಳಿವೆ. ಆಕೆ ಅವನ್ನು ಒಂದೊಂದಾಗಿ ಕತ್ತರಿಸಿ, ಇರುವೆ ಚೇತರಿಸಿಕೊಳ್ಳಲು ದಿನಗಟ್ಟಲೆ ಬಿಟ್ಟು, ಆಮೇಲೆ ಅದಕ್ಕೆ ಏನು ಮರೆತುಹೋಗಿದೆ ಎಂದು ನೋಡಿದಳು. ತುದಿಯ ಗಂಟು ಗೂಡಿನ ವಾಸನೆಗೆ, ಹತ್ತನೆಯದು ತನ್ನ ಹೆಜ್ಜೆಯ ಜಾಡಿಗೆ, ಎಂಟು ಒಂಬತ್ತನೆಯವು ಮರಿಗಳ ಆರೈಕೆಗೆ ಎಂದು ಒಂದೊಂದಕ್ಕೂ ಒಂದೊಂದು ಕೆಲಸ ಹಂಚಿದಳು. ಮುಂದಿನವರು ಇದನ್ನು ಒಪ್ಪಲಿಲ್ಲ. ವಾಸನೆ ಹಿಡಿಯುವ ಸೂಕ್ಷ್ಮ ಕೂದಲುಗಳು ಮೀಸೆಯ ಮೇಲೆ ಹರಡಿಕೊಂಡಿವೆ, ಹಾಗೆ ಗಂಟಿಗೊಂದು ಇಲಾಖೆ ಇಲ್ಲ. ನಿಘಂಟು ಬರೆದ ಕೈ ಇಲ್ಲೂ ಒಂದೊಂದಕ್ಕೂ ಒಂದೊಂದು ಮನೆ ಕಟ್ಟಿತು ಅನ್ನಿಸುತ್ತದೆ ನನಗೆ. ಆದರೆ ಎಷ್ಟು ಕತ್ತರಿಸಿದೆ, ಎಷ್ಟು ದಿನ ಬಿಟ್ಟೆ, ಏನು ಕಂಡೆ ಎಂದು ಬರೆದಿಟ್ಟಿದ್ದರಿಂದಲೇ ಬೇರೆಯವರು ಅದನ್ನು ಮತ್ತೆ ಮಾಡಿ ನೋಡಿ ತಪ್ಪು ಅನ್ನಲು ಆಯಿತು.

ಇರುವೆಯ ಜೀವ ಎಷ್ಟು ಗಟ್ಟಿ ಎಂದೂ ನೋಡಿದಳು. ನೀರಿನಲ್ಲಿ ಎಂಟು ದಿನ ಮುಳುಗಿಸಿಟ್ಟ ಇರುವೆಗಳಲ್ಲಿ ಕೆಲವು ಮತ್ತೆ ಎದ್ದವು. ತಲೆ ತೆಗೆದ ಒಂದು ದೊಡ್ಡ ಕಪ್ಪಿರುವೆ 41 ದಿನ ಬದುಕಿತ್ತು. ಇದನ್ನು ಓದುವಾಗ ನನಗೆ ಹೊಟ್ಟೆ ತೊಳೆಸುತ್ತದೆ. ನನ್ನ ಮೊಮ್ಮಗನಿಗೆ ಮಾತ್ರ ಇಡೀ ಕಥೆಯಲ್ಲಿ ಇಷ್ಟವಾದ ಭಾಗ ಇದೊಂದೇ.

ನನಗೆ ಇಷ್ಟವಾದದ್ದು 1904ರದ್ದು. ಹಾರ್ವರ್ಡಿನ ಜಾರ್ಜ್ ಹೊವಾರ್ಡ್ ಪಾರ್ಕರ್ ಜೊತೆ ಸೇರಿ ಮಾಡಿದ ಪ್ರಯೋಗ. ಇರುವೆಗೆ ಕಿವಿ ಕೇಳಿಸುತ್ತದೆಯೇ? ಗೂಡಿನ ಹತ್ತಿರ ಪಿಯಾನೋ ನುಡಿಸಿದರು. ಪಿಟೀಲು ನುಡಿಸಿದರು. ಮನುಷ್ಯರ ಕಿವಿಗೆ ನಿಲುಕದಷ್ಟು ಕೀರಲು ಸ್ವರ ಹೊರಡಿಸುವ ಗಾಲ್ಟನ್ ಸೀಟಿ ಊದಿದರು. ಸೆಕೆಂಡಿಗೆ 27 ಕಂಪನದ ಮಂದ್ರದಿಂದ 60,000ದವರೆಗೆ. ಇರುವೆಗಳು ತಲೆ ಕೂಡ ಎತ್ತಲಿಲ್ಲ. ಆದರೆ ಅದೇ ಕಂಪನ ಗಾಳಿಯಲ್ಲಿ ಬಾರದೆ, ಗೂಡು ಕೂತ ಮೇಜಿನಿಂದ, ನೆಲದಿಂದ ಕಾಲಿಗೆ ಬಂದಾಗ ಗಾಬರಿಯಾಗಿ ಓಡಾಡಿದವು. ಅವುಗಳಿಗೆ ಕೇಳಿಸುವುದಿಲ್ಲ ಎಂದು ಇವರು ಒಂದೇ ಮಾತಿನಲ್ಲಿ ಹೇಳಿಬಿಡಲಿಲ್ಲ. ಕಂಪನ ತಿಳಿಯುತ್ತದೆ, ಆದರೆ ಗಾಳಿಯಿಂದಲ್ಲ, ನಿಂತ ನೆಲದಿಂದ ಎಂದರು. ಎಂಟು ಧಾಟಿಗಳಿಗೆ ಕಿವಿ ತಿದ್ದಿಕೊಳ್ಳುತ್ತ ಪ್ರಾಯ ಕಳೆದವಳು ಅರವತ್ತೈದರಲ್ಲಿ ಪಿಟೀಲಿನ ಪಕ್ಕ ಕೂತು ಇರುವೆಯ ಮೀಸೆ ಅಲ್ಲಾಡಿತೇ ಎಂದು ನೋಡುತ್ತಿದ್ದಾಳೆ. ಇದಕ್ಕೊಂದು ಚಿತ್ರ ಬರೆಸಿ ಹಾಕಿ ನಿಮ್ಮ ಪುರವಣಿಯಲ್ಲಿ.

1907ರಲ್ಲಿ ಅಮೆರಿಕದ ಪಶ್ಚಿಮ ತೀರದ ವಾಷಿಂಗ್ಟನ್ ರಾಜ್ಯದ ಸಿಯಾಟಲ್‌ಗೆ ಹೋದಳು. ಅಲ್ಲಿ ಇರುವೆ ಕಡಿಮೆ, ಊರಿನ ರಾಜಕೀಯ ಜಾಸ್ತಿ. ಕಾಯಿದೆಗಳ ಬಗ್ಗೆ ಜನರೇ ಮತ ಹಾಕುವ ಹಕ್ಕು, ಪಾನನಿಷೇಧ ಇಂಥವಕ್ಕೆ ಓಡಾಡಿದಳು. ಆ ರಾಜ್ಯದಲ್ಲಿ 1910ರಲ್ಲಿ ಹೆಂಗಸರಿಗೆ ಮತದಾನದ ಹಕ್ಕು ಬಂದದ್ದನ್ನು ಕಣ್ಣಾರೆ ನೋಡಿದಳು. 1916ರಲ್ಲಿ ತೀರಿಕೊಂಡಳು.

ನನ್ನ ಕೋರಿಕೆ ದೊಡ್ಡದೇನಲ್ಲ. ಆಕೆಯ ಬಗ್ಗೆ ಒಂದು ಪೂರ್ತಿ ಪುಟ ಕೊಡಿ. ಬರೆಯುವವರು ಬ್ಯಾಂಕಾಕಿನ ಇಸ್ಪೀಟಿಗೂ ಸತ್ತ ಹುಡುಗನಿಗೂ ಅರ್ಧ ಪುಟ ಖರ್ಚು ಮಾಡದಿರಲಿ. ಹೆಂಗಸರ ಬಗ್ಗೆ ಬರೆಯುವಾಗ ನಿಮ್ಮಲ್ಲಿ ಅದೊಂದು ಚಾಳಿ ಇದೆ, ಬೇಜಾರು ಮಾಡಿಕೊಳ್ಳಬೇಡಿ. ನಿಘಂಟಿನ ಒಂದು ಪುಟದ ಚಿತ್ರವೂ ಗಾಜಿನ ಗೂಡಿನ ರೇಖಾಚಿತ್ರವೂ ಅಕ್ಕಪಕ್ಕ ಇರಲಿ. ಆಕೆಗೆ ಮಾತು ಕಲಿಸಿದ ಸ್ವಾತೌ ಹೆಂಗಸರಿಗೆ ಹೆಸರಿಲ್ಲದಿದ್ದರೂ ಜಾಗ ಇರಲಿ.

ಪತ್ರ ಉದ್ದವಾಯಿತು, ಗೊತ್ತು. ಅಚ್ಚು ಹಾಕುವಾಗ ನೀವು ಕತ್ತರಿಸುತ್ತೀರಿ ಎಂಬುದೂ ಗೊತ್ತು. ನನ್ನ ಹಲ್ಲಿ, ಹಳ್ಳಿ, ಮೊಮ್ಮಗ ಎಲ್ಲ ಹೋಗಲಿ. ಆ 160 ಹೆಂಗಸರ ಲೆಕ್ಕಕ್ಕೆ ಮಾತ್ರ ದಯವಿಟ್ಟು ಕತ್ತರಿ ಹಾಕಬೇಡಿ.

ಇಂತಿ,
ನಿವೃತ್ತ ಭಾಷಾ ಶಿಕ್ಷಕಿ, ನಿಮ್ಮ ಹಳೆಯ ಓದುಗಿ